ಪಾಯಸ ಕುಡಿದವರ ಪಟ್ಟಿ

ಬೆಳಗಿನ ಆರು ಗಂಟೆ. ಚನ್ನರಾಯಪಟ್ಟಣ ತಾಲ್ಲೂಕಿನ ಹೊಸಕಟ್ಟೆಯ ಗಂಡಸರು ಚೊಂಬು ಹಿಡಿದು ಹೊಲದ ಕಡೆಯಿಂದ ಒಬ್ಬೊಬ್ಬರಾಗಿ ವಾಪಸು ಬರುತ್ತಿದ್ದಾರೆ. ಊರ ಬಾಗಿಲಲ್ಲಿ ಬಿಳಿ ಸೀರೆಯ ಹೆಂಗಸೊಬ್ಬರು ಪೆನ್ಸಿಲು, ಪುಸ್ತಕ ಹಿಡಿದು ನಿಂತಿದ್ದಾರೆ.

"ಎಷ್ಟ್ ಸಲ ಆಯ್ತು ಸ್ವಾಮಿ?"

"ಒಂದೇ ಸಲ ಕಣಮ್ಮೋ, ಬುಟ್ಬುಡು!" ಎಂದು ಒಬ್ಬರು ಚೊಂಬನ್ನು ಬೆನ್ನ ಹಿಂದೆ ಬಚ್ಚಿಡುತ್ತಾರೆ. ಇನ್ನೊಬ್ಬರು ದೂರದಿಂದಲೇ ಇವರನ್ನು ಕಂಡು ಬೇಲಿ ಹಾರಿ ಓಡುತ್ತಾರೆ. ಓಡಿದವರ ಮನೆ ನಂಬರಿನ ಮುಂದೆಯೂ ಬಿಳಿ ಸೀರೆಯ ಮಲ್ಲಿಗಮ್ಮ 'ಒಂದು' ಎಂದೇ ಬರೆದುಕೊಳ್ಳುತ್ತಾರೆ. "ಭೇದಿ ಆಗೋನು ಅಂಗೆ ಬೇಲಿ ಹಾರಕ್ಕಾಯ್ತದಾ ಸಾ?" ಎಂದು ನಮ್ಮ ಕಡೆ ತಿರುಗಿ ಕೇಳುತ್ತಾರೆ.

ಮಲ್ಲಿಗಮ್ಮನಿಗೆ ಮೂವತ್ತೆಂಟು ವರ್ಷ. ಆರೋಗ್ಯ ಇಲಾಖೆಯ ನರ್ಸು. ಬಾಗೂರಿನ ಸುತ್ತ ಏಳು ಹಳ್ಳಿ, ದಿನಕ್ಕೆ ಒಂಬತ್ತು ಮೈಲಿ ನಡಿಗೆ, ಕಮ್ಮಿಯೆಂದರೂ ಮೂವತ್ತು ಮನೆ. ಹುಟ್ಟಿದ್ದು ಅರಕಲಗೂಡು ಕಡೆಯ ಒಂದು ಕೇರಿಯಲ್ಲಿ. ಕೂಲಿ ಮಾಡುತ್ತಿದ್ದ ಅಪ್ಪ ಲಕ್ಕಯ್ಯ ಊರವರೆಲ್ಲ ನಕ್ಕರೂ ಮಗಳನ್ನು ಓದಿಸಿದರು. ಮೇಲಿನ ಬೀದಿಯವರಿಗೆ ಇವರನ್ನು ಹೇಗೆ ಕರೆಯಬೇಕೆಂಬುದು ಇಂದಿಗೂ ಬಗೆಹರಿದಿಲ್ಲ. ಕೇರಿಯವಳೆಂದು 'ಬಾ' ಅನ್ನಲು ಬಾಯಿ ತೆರೆದರೆ ಬಿಳಿ ಸೀರೆ ಕಾಣುತ್ತದೆ, ಅದು 'ಬಾ... ನ್ನಿ' ಆಗುತ್ತದೆ. ಜಗಲಿ ಮಾತ್ರ ಹತ್ತಿಸುವುದಿಲ್ಲ. "ನಿಂತ್ಕಂಡೇ ಬರೀತೀನಿ. ಕೂತ್ರೆ ಮಾತು ಜಾಸ್ತಿ ಆಯ್ತದೆ" ಎಂದು ಮಲ್ಲಿಗಮ್ಮ ನಕ್ಕುಬಿಡುತ್ತಾರೆ.

ಹಾಸನದಲ್ಲಿ ತರಬೇತಿಯಾಗುವಾಗ ಕಲಿತ ಪಾಠ ಅವರಿಗೆ ಬಾಯಿಪಾಠವಾಗಿದೆ. ಕಾಯಿಲೆ ಯಾರಿಗೆ ಬಂತು, ಎಲ್ಲಿ ಬಂತು, ಯಾವ ಹೊತ್ತಿಗೆ ಬಂತು. "ಇದ್ನೆಲ್ಲ ಯಾರಾದ್ರೂ ಕೇಳ್ತಾರೆ ಸಾ. ಯಾರಿಗೆ ಬರ್ಲಿಲ್ಲ ಅಂತ ಕೇಳೋರು ಕಮ್ಮಿ. ಅವರ್ನ ಕೇಳಿದ್ರೇನೆ ನಿಜ ಈಚೆಗ್ ಬರೋದು."

ಹೋದ ಕಾರ್ತೀಕದಲ್ಲಿ ಇದೇ ಹೊಸಕಟ್ಟೆಯಲ್ಲಿ ಆ ಪಾಠಕ್ಕೆ ಪರೀಕ್ಷೆ ಬಂತು. ಈಶ್ವರಯ್ಯನವರ ಮೊಮ್ಮಗನ ನಾಮಕರಣ. ಮಧ್ಯಾಹ್ನ ಒಂದು ಗಂಟೆಗೆ ಊಟ. ನಾಲ್ಕೈದು ಗಂಟೆಯ ಹೊತ್ತಿಗೆ ಮೇಲಿನ ಬೀದಿಯಲ್ಲಿ ವಾಂತಿ ಭೇದಿ ಶುರುವಾಗಿ, ಊರಲ್ಲಿ ಚೊಂಬಿಗೆ ಬರ ಬಂತು. ಒಟ್ಟು ಮೂವತ್ತೆಂಟು ಜನ ಮಲಗಿದರು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಮಾರನೆಯ ದಿನ ತುಸು ಚೇತರಿಸಿಕೊಂಡವರು ಮೊದಲು ಮಾಡಿದ ಕೆಲಸ, ತಪ್ಪು ಯಾರದೆಂದು ತೀರ್ಮಾನಿಸಿದ್ದು. ಎರಡು ವರ್ಷದ ಹಿಂದೆ ಸರ್ಕಾರ ತೋಡಿಸಿದ ಬಾವಿಯಲ್ಲಿ ಎರಡೂ ಬೀದಿಯವರು ನೀರು ಸೇದುತ್ತಾರೆ. ಕೆಳಗಿನ ಬೀದಿಯವರ ಹಗ್ಗ ಬಿದ್ದಿದ್ದರಿಂದಲೇ ನೀರು ಕೆಟ್ಟಿತು, ಅವರಿಗೆ ಬಾವಿ ಬಂದ್ ಮಾಡಬೇಕು ಎಂದರು.

ಮಲ್ಲಿಗಮ್ಮ ಎರಡು ದಿನ ಮನೆಮನೆ ಸುತ್ತಿದರು. ಕೆಳಗಿನ ಬೀದಿಯ ತೊಂಬತ್ತನಾಲ್ಕು ಜನ ಕುಡಿಯುವುದು ಅದೇ ನೀರು. ಒಬ್ಬರಿಗೂ ಏನೂ ಆಗಿರಲಿಲ್ಲ. ಅವರನ್ನು ಊಟಕ್ಕೆ ಕರೆದಿರಲಿಲ್ಲ. ಮೇಲಿನ ಬೀದಿಯಲ್ಲಿ ಪಾಯಸ ಕುಡಿದವರು ಐವತ್ತೆರಡು ಮಂದಿ, ಅವರಲ್ಲಿ ಮಲಗಿದವರು ಮೂವತ್ತೇಳು. ಸಕ್ಕರೆ ಕಾಯಿಲೆಯೆಂದು ಪಾಯಸ ಮುಟ್ಟದ ಮುದುಕರು ಗುಂಡುಕಲ್ಲಿನ ಹಾಗೆ ಓಡಾಡುತ್ತಿದ್ದರು. ಪಾಯಸವನ್ನು ಹಿಂದಿನ ದಿನವೇ ಕಾಸಿ ಕೊಳಗದಲ್ಲಿ ಮುಚ್ಚಿಟ್ಟಿದ್ದರು. ಹಾಗೆ ಕೊಳಗಕ್ಕೆ ತುಂಬಿಟ್ಟ ಅಡುಗೆಯವನ ಹೆಬ್ಬೆರಳಲ್ಲಿ ಕೀವು ತುಂಬಿದ ಹುಣ್ಣಿತ್ತು.

ಲೆಕ್ಕ ಕೂಡಿತು. ಆದರೆ ಒಂದು ಉಳಿಯಿತು. ಆ ಒಂದು ಪಂಚಾಕ್ಷರಯ್ಯ.

ಪಂಚಾಕ್ಷರಯ್ಯ ಈಶ್ವರಯ್ಯನವರ ದಾಯಾದಿ. ಸೂರಿನ ನೀರು ಯಾರ ಗೋಡೆಗೆ ಬೀಳಬೇಕೆಂಬ ವ್ಯಾಜ್ಯದಲ್ಲಿ ಒಂಬತ್ತು ವರ್ಷದಿಂದ ಆ ಮನೆಯ ನೀರೂ ಮುಟ್ಟಿದವರಲ್ಲ. ಅವರಿಗೂ ಭೇದಿ! ಬಾವಿ ಮುಚ್ಚಿಸಿ ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರೂ ಅವರೇ.

ಮಲ್ಲಿಗಮ್ಮ ಜಗಲಿಯ ಕೆಳಗೆ ನಿಂತು ಕೇಳಿದರು, "ನಿಮ್ಗೆ ಶುರುವಾಗಿದ್ದು ಎಷ್ಟೊತ್ಗೆ ಸ್ವಾಮಿ?"

"ರಾತ್ರಿ ಎಂಟ್ ಗಂಟೆಗೆ."

ಮಿಕ್ಕವರಿಗೆಲ್ಲ ಉಂಡು ಮೂರು ನಾಲ್ಕು ಗಂಟೆ ಕಳೆದ ಮೇಲೆ ಶುರುವಾಗಿತ್ತು. ಹಾಗಾದರೆ ಇವರು ತಿಂದದ್ದು ಸಂಜೆ ನಾಲ್ಕೈದಕ್ಕೆ. ನಾಮಕರಣದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದ ಹೆಂಗಸರು ಮನೆಗೆ ಬರುವ ಹೊತ್ತು ಅದು. ವ್ಯಾಜ್ಯವೇನಿದ್ದರೂ ಗಂಡಸರದು; ಪಂಚಾಕ್ಷರಯ್ಯನವರ ಹೆಂಡತಿ ನೀಲಾಂಬಿಕೆಯೂ ಹೋಗಿದ್ದರು.

"ಆ ಪಾಯಸ ತಳ ಹಿಡ್ದಿತ್ತಂತಲ್ಲ ಸ್ವಾಮಿ?"

"ತಳ ಹಿಡ್ದಿತ್ತಾ? ಯಾವನಂದೋನು? ನಮ್ಮಜ್ಜಿ ಕೈ ಅಳತೆ ಅದು! ಏಲಕ್ಕಿ ಗಮ್ ಅಂತಿತ್ತು..." ಪಂಚಾಕ್ಷರಯ್ಯನವರ ಬಾಯಿ ತೆರೆದಂತೆಯೇ ನಿಂತಿತು.

ಒಳಗಿನಿಂದ ನೀಲಾಂಬಿಕೆ, "ಬಾಯ್ ಮುಚ್ಕಂಡಿರಿ ಅಂದ್ರೆ ಕೇಳ್ಬೇಕಲ್ಲ" ಅಂದರು.

ಪಂಚಾಕ್ಷರಯ್ಯ ದನಿ ತಗ್ಗಿಸಿದರು. "ನರ್ಸಮ್ಮ, ಊರಿಗ್ ಗೊತ್ತಾದ್ರೆ ನಾನು ತಲೆ ಎತ್ತಂಗಿಲ್ಲ."

"ನನ್ ಪಟ್ಟೀಲಿ ಎಸ್ರಿಲ್ಲ ಸ್ವಾಮಿ, ಮನೆ ನಂಬರ್ ಅಷ್ಟೆ. ನನ್ ಬಾಯಿಂದ ಬರಕಿಲ್ಲ. ಆದ್ರೆ ಬಾವಿ ಬಂದ್ ಆದ್ರೆ ಕೆಳಗಿನ ಬೀದಿ ಮಕ್ಳು ಕೆರೆ ನೀರು ಕುಡಿತವೆ. ಆಗ ಬರೋದು ನಿಜವಾದ ಕಾಲರಾ. ಅದು ಮೇಲಿನ ಬೀದಿ, ಕೆಳಗಿನ ಬೀದಿ ಅಂತ ನೋಡಕಿಲ್ಲ."

ಮರುದಿನ ಅರಳಿಕಟ್ಟೆಯಲ್ಲಿ ಊರು ಸೇರಿತು. ತಾಲ್ಲೂಕಿನ ಡಾಕ್ಟರೂ ಬಂದರು. ಮಲ್ಲಿಗಮ್ಮ ಪಟ್ಟಿ ಓದಿದ್ದೇ ತಡ, ಪಾಯಸದ ಮಾನ ಉಳಿಸಲು ಈಶ್ವರಯ್ಯ ಎದ್ದರು. "ನಮ್ ಪಾಯಸಕ್ಕೇ ದೋಷ ಏಳ್ತೀರಾ? ಪಂಚಾಕ್ಷರಿ ನಮ್ಮನೆ ಕಡೆ ತಲೆ ಆಕಿಲ್ಲ. ಅವನ್ಗೂ ಬಂತಲ್ಲ? ಬಾವೀದೇ ಇದು!"

ಹೌದು ಹೌದು ಎಂದರು ಜನ. ಡಾಕ್ಟರು ಮಲ್ಲಿಗಮ್ಮನ ಮುಖ ನೋಡಿದರು. ಮಲ್ಲಿಗಮ್ಮ ಪುಸ್ತಕ ಮುಚ್ಚಿ ನೆಲ ನೋಡಿದರು. ಹೇಳುವುದಿಲ್ಲವೆಂದು ಮಾತು ಕೊಟ್ಟಾಗಿತ್ತು.

ಅಷ್ಟರಲ್ಲಿ ಕಟ್ಟೆಯ ಮೂಲೆಯಿಂದ ಪಂಚಾಕ್ಷರಯ್ಯ ಧಡಕ್ಕನೆ ಎದ್ದರು.

"ಕುಡ್ದಿದ್ದೆ ಕಣ್ರಯ್ಯಾ! ಎಂಡ್ರು ಸೆರಗ್ನಾಗೆ ಮುಚ್ಕಂಡ್ ತಂದಿದ್ಲು. ಎರಡು ಲೋಟ ಕುಡ್ದೆ!"

ಈಶ್ವರಯ್ಯ ಮೆಲ್ಲಗೆ ಅಂದರು, "ಎರಡಾ? ಯಜಮಾನ ನಾನು, ನನ್ಗೇ ಒಂದು ಲೋಟ ಸಿಕ್ಕಿದ್ದು ಕಣಯ್ಯಾ."

ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡವರಲ್ಲಿ ಮೂವರು ಮತ್ತೆ ಹೊಲದ ಕಡೆ ಓಡಬೇಕಾಯಿತು.

ಸೂರಿನ ನೀರಿನ ವ್ಯಾಜ್ಯ ಇನ್ನೂ ನಡೆಯುತ್ತಲೇ ಇದೆ. ಆದರೆ ಪಾಯಸ ಮಾತ್ರ ಈಗ ಮುಂಬಾಗಿಲಿನಿಂದಲೇ ಬರುತ್ತದೆ, ಅದೂ ಆ ದಿನವೇ ಕಾಸಿದ್ದು. ಡಾಕ್ಟರು ಮೇಲಧಿಕಾರಿಗಳಿಗೆ ಕಳಿಸಿದ ವರದಿಯಲ್ಲಿ ಮಲ್ಲಿಗಮ್ಮನ ಹೆಸರಿಲ್ಲ. ಅದನ್ನು ಕೇಳಿದರೆ ಅವರು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಮುಂದಿನ ಹಳ್ಳಿಯ ದಾರಿ ಹಿಡಿಯುತ್ತಾರೆ.

"ನನ್ ಎಸ್ರು ಯಾಕ್ ಸಾ? ಆ ಬಾವಿಗೆ ಈವತ್ತೂ ಎರಡ್ ಬೀದಿ ಹಗ್ಗನೂ ಇಳೀತವೆ. ಓಗಿ ನೋಡ್ಕಂಡ್ ಬನ್ನಿ."