ಮಧ್ಯಾಹ್ನ ಎರಡರ ಫೋಟೊ

ಮೋರಟಗಿಯ ರೇಣುಕಾ ಆ ವರ್ಷ ಉದ್ಯೋಗ ಖಾತ್ರಿ ಕೆಲಸದಲ್ಲಿ ಕಾಯಕ ಬಂಧು ಆಗಿದ್ದಳು. ಮೂವತ್ತಾರು ಮಂದಿ ಕೂಲಿಗಾರರನ್ನು ಕೂಡಿಸಿಕೊಂಡು ಹೋಗಿ, ಗುರುತು ಹಾಕಿದ ಹೊಲಗಳಲ್ಲಿ ಬದು ಹಾಕಿಸುವುದು, ದಿನಕ್ಕೆ ಎರಡು ಸಲ ಎಲ್ಲರ ಫೋಟೊ ತೆಗೆದು ಮೊಬೈಲಿನಲ್ಲೇ ಹಾಜರಿ ಕಳಿಸುವುದು ಅವಳ ಜವಾಬ್ದಾರಿ. ಮುಂಜಾನೆ ಒಂದು ಫೋಟೊ, ಮಧ್ಯಾಹ್ನ ಎರಡು ಗಂಟೆಗೆ ಇನ್ನೊಂದು. ಪಿಯುಸಿ ಓದಿದವಳು, ಮಾತು ಚುರುಕು, ಯಾರ ಹೆಸರೂ ಮರೆಯುತ್ತಿರಲಿಲ್ಲ. ಹೆಂಗಸರೇ ಅವಳನ್ನು ಮುಂದೆ ಮಾಡಿದ್ದರು.

ಅವರಲ್ಲಿ ಮೊದಲು ಅವಳ ಹೆಸರು ಹೇಳಿದವಳು ತಿಪ್ಪವ್ವ. ಐವತ್ತರ ಹತ್ತಿರದ, ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ ಧೂಳಪ್ಪ ಕುರಿ ಕಾಯುತ್ತಿದ್ದ. ಮಕ್ಕಳಿರಲಿಲ್ಲ. ರೇಣುಕಾ ಲಗ್ನವಾಗಿ ಬಂದ ಹೊಸದರಲ್ಲಿ ಗುದ್ದಲಿ ಹಿಡಿದು ಅಂಗೈಯೆಲ್ಲ ಬೊಬ್ಬೆ ಎದ್ದಾಗ, ತನ್ನ ಹಳೇ ಸೀರೆ ಹರಿದು ಕಟ್ಟಿದವಳು ಅವಳೇ. ಅಂದಿನಿಂದ ರೇಣುಕಾಗೆ ಅವಳು ಕಾಕಿ.

ಫೋಟೊ ತೆಗೆಯುವುದೇ ಒಂದು ತಾಪತ್ರಯವಾಗಿತ್ತು. ಬದುವಿನ ಗುಂಟ ಮಂದಿ ಸಾಲಾಗಿ ನಿಂತರೆ ಅರ್ಧದಷ್ಟು ಜನ ಚೌಕಟ್ಟಿನ ಹೊರಗೇ ಉಳಿಯುತ್ತಿದ್ದರು. ಹಿಂದೆ ಸರಿಯಬೇಕೆಂದರೆ ಜಾಲಿಮುಳ್ಳು, ಅದರಾಚೆ ಹಳ್ಳ. ಹಳ್ಳ ದಾಟಿ ನಿಂತು ತೆಗೆದರೆ ಮುಖಗಳು ಜೋಳದ ಕಾಳಿನಷ್ಟಾಗಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಎರಡು ಸಾಲು ಮಾಡಿದರೆ ಮುಂದಿನವರ ಸೆರಗಿಗೆ ಹಿಂದಿನವರ ಮಾರಿ ಮುಚ್ಚಿಹೋಗುತ್ತಿತ್ತು. ಹೊಸ ಮೊಬೈಲ್ ತಗೊಂಡ ಮೇಲೆ ಅದರಲ್ಲಿ 0.5 ಎಂಬ ಗುರುತನ್ನು ಒತ್ತಿದರೆ ಇಡೀ ಬದುವೇ ಪರದೆಯೊಳಗೆ ಬರುತ್ತದೆ ಎಂಬುದು ಅವಳಿಗೆ ಗೊತ್ತಾಯಿತು. ನಿಂತಲ್ಲೇ ನಿಂತು ಮೂವತ್ತಾರೂ ಮಂದಿಯನ್ನು ಹಿಡಿಯಬಹುದಿತ್ತು. ಕಳಿಸುವುದಕ್ಕೊಂದು ಫೋಟೊ ತೆಗೆದು, ನಾಳೆ ಯಾರಾದರೂ ಹಾಜರಿ ಬಿದ್ದಿಲ್ಲವೆಂದು ತಕರಾರು ಮಾಡಿದರೆ ತೋರಿಸಲು ಬೇಕೆಂದು ಇನ್ನೊಂದನ್ನು ತನ್ನ ಮೊಬೈಲಿನಲ್ಲೇ ಇಟ್ಟುಕೊಳ್ಳುತ್ತಿದ್ದಳು.

ಒಂದೇ ದೋಷ. ನಡುವೆ ನಿಂತವರು ಇದ್ದಂತೆಯೇ ಬರುತ್ತಿದ್ದರು, ಎರಡೂ ತುದಿಯವರು ಮಾತ್ರ ಹಿಗ್ಗಿ ಬರುತ್ತಿದ್ದರು. ಕೆನ್ನೆ ಅಗಲ, ತಲೆ ಓರೆ, ಒಂದು ಭುಜ ಇನ್ನೊಂದರ ಎರಡರಷ್ಟು. ತಿಪ್ಪವ್ವನಿಗೆ ಕ್ಯಾಮೆರಾ ಎಂದರೆ ನಾಚಿಕೆ. ನಡುವೆ ಬಾ ಎಂದರೆ, "ನಾ ತುದೀಗಿ ನಿಲ್ತೇನಿ ಯವ್ವಾ, ನನ್ನ ಮಾರಿ ಯಾರ ನೋಡ್ತಾರ" ಎಂದು ದಿನಾಲೂ ಎಡತುದಿಗೇ ಹೋಗುತ್ತಿದ್ದಳು. ಬಲತುದಿಗೆ ಚಂದವ್ವ. ಚಂದವ್ವ ಇಡೀ ಗುಂಪನ್ನು ನಗಿಸುವವಳು. ಮಧ್ಯಾಹ್ನದ ಫೋಟೊ ಆದ ಮೇಲೆ ಹೆಂಗಸರು ರೇಣುಕಾಳನ್ನು ಸುತ್ತುವರಿದು ಇವತ್ತು ಯಾರ ಮುಖ ಹೇಗೆ ಬಂದಿದೆ ಎಂದು ನೋಡುತ್ತಿದ್ದರು. ತಿಪ್ಪವ್ವನದು ಕುಂಬಳಕಾಯಿ, ಚಂದವ್ವನದು ಸೋರೆಕಾಯಿ. ತನ್ನ ಮುಖ ನೋಡಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ತಿಪ್ಪವ್ವನೇ. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದಳು.

ಏಪ್ರಿಲ್ ತಿಂಗಳ ಒಂದು ಮಂಗಳವಾರ ಎಂದಿನಂತೆ ಎರಡು ಗಂಟೆಗೆ ಫೋಟೊ ಆಯಿತು. ಬಿಸಿಲಿಗೆ ಪರದೆ ಸರಿಯಾಗಿ ಕಾಣದೆ ರೇಣುಕಾ ಸೆರಗು ಮರೆಮಾಡಿ ಹಿಡಿದಳು. ಹೆಂಗಸರು ಬಗ್ಗಿ ನೋಡಿದರು.

"ಕಾಕೀನ ಬಾಯಿ ಇವತ್ತ ಗದ್ದಕ್ಕ ಇಳದೈತಿ ನೋಡ್ರಿ" ಎಂದಳು ಚಂದವ್ವ.

ಎಲ್ಲರೂ ನಕ್ಕರು. ರೇಣುಕಾಳೂ ನಕ್ಕಳು. "ಮೊಬೈಲಿಗಿ ಬಿಸಲ ಬಡದೈತಿ, ಕಾಕಿ" ಎಂದು ಪರದೆಯನ್ನು ತಿಪ್ಪವ್ವನ ಕಡೆ ತಿರುಗಿಸಿದಳು. ತಿಪ್ಪವ್ವ ನೋಡಿದಳು. ನಗಲು ಬಾಯಿಗೆ ಸೆರಗು ಒಯ್ದಳು, ಆದರೆ ಮೈ ಕುಲುಕಲಿಲ್ಲ. ಏನೋ ಅಂದಳು, ಮಾತು ತೊದಲಿತು. ಬಾಯಲ್ಲಿ ತಂಬಾಕು ಇರಬೇಕು ಎಂದುಕೊಂಡರು. ಆಮೇಲೆ ಅವಳು ಬನ್ನಿಗಿಡದ ನೆರಳಿಗೆ ಹೋಗಿ ಕೂತಳು. ತುಸು ಹೊತ್ತಿಗೆ ಅಡ್ಡಾದಳು. ಬಿಸಿಲು ಜೋರಿತ್ತು, ಯಾರೂ ಎಬ್ಬಿಸಲಿಲ್ಲ.

ನಾಲ್ಕೂವರೆಗೆ ಮನೆಗೆ ಹೊರಟಾಗ ಅವಳಿಗೆ ಏಳಲು ಆಗಲಿಲ್ಲ. ಬಲಗೈ ಹಿಡಿದೆತ್ತಿದರೆ ಅದು ಬುತ್ತಿಯ ಬಟ್ಟೆಯಂತೆ ಜೋತುಬಿತ್ತು. ಟಂಟಂ ಗಾಡಿ ಹುಡುಕಿ ಸಿಂದಗಿ ಮುಟ್ಟುವಷ್ಟರಲ್ಲಿ ಆರು ದಾಟಿತ್ತು. ದವಾಖಾನೆಯಲ್ಲಿ ಡಾಕ್ಟರು ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಲಕ್ವ ಹೊಡೆದಿದೆ, ಕೂಡಲೇ ವಿಜಯಪುರಕ್ಕೆ ಒಯ್ಯಬೇಕು ಎಂದರು. ಚೀಟಿ ಬರೆಯುತ್ತ ಕೇಳಿದರು: "ಯಾವಾಗ ಸುರು ಆತು?"

"ಸಾಡೆಚಾರಕ್ಕರಿ" ಎಂದಳು ಚಂದವ್ವ. "ಮಧ್ಯಾಹ್ನ ತನ ಚೊಲೋ ಇದ್ದಳ್ರಿ. ನಮ್ಮ ಕೂಡ ನಿಂತ ಫೋಟೊ ತೆಗಿಸ್ಕೊಂಡಾಳ."

ರೇಣುಕಾ ಅಲ್ಲೇ ನಿಂತಿದ್ದಳು. ಕೈಯಲ್ಲಿ ಮೊಬೈಲ್ ಇತ್ತು. ಆಗ ಅವಳಿಗೆ ಏನೂ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆದದ್ದನ್ನು ತಾನೇ ಒಳಗೆ ನೂಕಿದೆನೋ ಎಂಬುದನ್ನು ಅವಳು ಇಂದಿಗೂ ಖಚಿತವಾಗಿ ಹೇಳಲಾರಳು.

ಗಾಡಿ ಸಿಗುವುದು ತಡವಾಗಿ ವಿಜಯಪುರ ಮುಟ್ಟಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಲ್ಲಿಯ ಡಾಕ್ಟರು ಧೂಳಪ್ಪನಿಗೆ ಬಿಡಿಸಿ ಹೇಳಿದರು. ಮಿದುಳಿನ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ, ಸುರುವಾದ ನಾಲ್ಕು ತಾಸಿನೊಳಗೆ ಬಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು, ಅದರಿಂದ ಕೆಲವರು ಉಳಿಯುತ್ತಾರೆ, ಈಗ ಹೊತ್ತು ಮೀರಿದೆ. ಮೂರನೆಯ ದಿನ ತಿಪ್ಪವ್ವ ತೀರಿಕೊಂಡಳು.

ಹನ್ನೆರಡು ದಿನಗಳಾದ ಮೇಲೆ ಧೂಳಪ್ಪ ರೇಣುಕಾಳ ಮನೆ ಬಾಗಿಲಿಗೆ ಬಂದು ನಿಂತ. ಒಳಗೆ ಕರೆದರೂ ಬರಲಿಲ್ಲ.

"ಗ್ವಾಡಿಗಿ ಹಾಕಾಕ ಒಂದ ಫೋಟೊ ಬೇಕಾಗಿತ್ತ ಯವ್ವಾ. ಆಧಾರ ಕಾರ್ಡಿನ್ಯಾಗಿಂದು ಕರ್ರಗ ಬಂದೈತಿ, ಅಕಿ ಅಂತ ತಿಳಿಯಂಗಿಲ್ಲ. ನಿನ್ನ ಮೊಬೈಲಿನ್ಯಾಗ ದಿನಾ ತಗೀತಿದ್ದೆಲ್ಲ."

ರೇಣುಕಾ ಹುಡುಕಿದಳು. ಎರಡು ತಿಂಗಳಲ್ಲಿ ನೂರರ ಹತ್ತಿರ ಫೋಟೊ, ಒಂದರಲ್ಲೂ ತಿಪ್ಪವ್ವ ತಿಪ್ಪವ್ವನಂತೆ ಇರಲಿಲ್ಲ. ಎಲ್ಲದರಲ್ಲೂ ಎಡತುದಿ, ಎಲ್ಲದರಲ್ಲೂ ಅಗಲ ಕೆನ್ನೆ. ಮರುದಿನ ಅವಳು ಸಿಂದಗಿಯ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟಿದ್ದ ದಸ್ತಗೀರಸಾಬರ ಬಳಿ ಹೋದಳು. ರೀಲಿನ ಕಾಲದಿಂದ ಲಗ್ನದ ಫೋಟೊ ತೆಗೆಯುತ್ತ ಬಂದ ಹಿರಿಯರು. ಫೋಟೊಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ನೋಡಿ ತಲೆ ಅಲ್ಲಾಡಿಸಿದರು.

"ಇದು ಅಗಲ ಲೆನ್ಸ್ ಅಕ್ಕಾರ. ಗುಡಿ, ಹೊಲ, ಆಕಾಶ ತೆಗೀಲಿಕ್ಕ ಚೊಲೋ. ಮಂದೀನ ಇದರಾಗ ತುದೀಗಿ ನಿಲ್ಲಿಸಬಾರದು. ತುದೀಗಿದ್ದದ್ದನ್ನ ಹೊರಗಡೆ ಜಗ್ಗತೈತಿ. ಮಾರಿ ಬೇಕಂದ್ರ ದೂರ ನಿಂತು, 0.5 ಬಿಟ್ಟು ಒಂದರ ಗುರುತಿನ್ಯಾಗೋ ಎರಡರ ಗುರುತಿನ್ಯಾಗೋ ತಗೀಬೇಕು. ನಮ್ಮ ಕಾಲದಾಗ ಐವತ್ತರ ಲೆನ್ಸ್ ಇರತಿತ್ತು, ಆರು ಫೂಟಿಗಿಂತ ಸನೇಕ ಹೋಗತಿದ್ದಿಲ್ಲ."

"ಸರಿ ಮಾಡಾಕ ಬರಂಗಿಲ್ಲೇನ್ರಿ ಚಾಚಾ?"

"ಬರತೈತಿ. ಜಗ್ಗಿದ್ದನ್ನ ಹೊಳ್ಳಿ ಒಳಗ ಒತ್ತಬೇಕು. ಬದುವಿನ ಗೆರಿ ಬಿಲ್ಲಿನಂಗ ಬಗ್ಗತೈತಿ, ಮಾರಿ ಸರಿ ಆಗತಾವ."

ಅವರು ಮಾಡಿ ತೋರಿಸಿದರು. ಪರದೆಯ ಮೇಲೆ ಬದು ಮೆಲ್ಲಗೆ ಬಗ್ಗಿತು, ಎಡತುದಿಯ ಕುಂಬಳಕಾಯಿ ಸೊರಗಿತು. ನೋಡನೋಡುತ್ತ ಅಲ್ಲಿ ತಿಪ್ಪವ್ವ ನಿಂತಿದ್ದಳು. ಅದೇ ಉದ್ದ ಮುಖ, ಅದೇ ಮೂಗುಬಟ್ಟು. ಮಾರ್ಚಿನದೊಂದು, ಏಪ್ರಿಲ್ ಮೊದಲ ವಾರದ್ದೊಂದು ಚೆನ್ನಾಗಿ ಬಂದವು. ಎಲ್ಲಕ್ಕೂ ಕೊನೆಯದು ಮಂಗಳವಾರದ ಫೋಟೊ. ದಸ್ತಗೀರಸಾಬರು ಅದನ್ನೂ ಹಾಗೆಯೇ ಒತ್ತಿದರು. ಬಲತುದಿಯ ಚಂದವ್ವ ಸರಿಯಾದಳು. ತಿಪ್ಪವ್ವನ ಕೆನ್ನೆ, ಭುಜ, ತಲೆ ಸರಿಯಾದವು. ಬಾಯಿ ಸರಿಯಾಗಲಿಲ್ಲ. ಬಲಗಡೆಯ ತುಟಿಯ ಅಂಚು ಕೆಳಗಿಳಿದು, ಆ ಕಣ್ಣಿನ ರೆಪ್ಪೆ ಅರ್ಧ ಮುಚ್ಚಿ ಹಾಗೇ ಉಳಿಯಿತು.

ದಸ್ತಗೀರಸಾಬರು ಮತ್ತೊಮ್ಮೆ ಮಾಡಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದು ಲೆನ್ಸಿಂದಲ್ಲ ಅಕ್ಕಾರ. ಲೆನ್ಸ್ ಹೊರಗಡೆ ಜಗ್ಗತೈತಿ, ಕೆಳಗ ಇಳಿಸಂಗಿಲ್ಲ. ಇವರಿಗಿ ಆರಾಮ ಇದ್ದಿದ್ದಿಲ್ಲೇನು?"

ರೇಣುಕಾ ಪರದೆಯ ಹತ್ತಿರ ಬಗ್ಗಿದಳು. ಫೋಟೊದ ಕೆಳಗೆ ಹೊತ್ತು ಬರೆದಿತ್ತು: ಎರಡು ಗಂಟೆ ನಾಲ್ಕು ನಿಮಿಷ. ಎರಡಕ್ಕೆ ಹೊರಟಿದ್ದರೆ ಐದರೊಳಗೆ ವಿಜಯಪುರ ಮುಟ್ಟುತ್ತಿದ್ದರು. ಆ ಲೆಕ್ಕ ಅವಳ ತಲೆಯಲ್ಲಿ ತಾನಾಗಿಯೇ ನಡೆಯಿತು, ಆಮೇಲೆ ನಿಲ್ಲಲಿಲ್ಲ.

ಮರುದಿನದಿಂದ ಮಧ್ಯಾಹ್ನವೆಂದರೆ ಅವಳಿಗೆ ಅಂಜಿಕೆ. ಮಂದಿ ಸಾಲಾಗಿ ನಿಂತು, ಅವಳು ಮೊಬೈಲ್ ಎತ್ತಿದರೆ ಎಡತುದಿಯಲ್ಲಿ ಯಾರೇ ನಿಂತಿರಲಿ, ಬಾಯಿ ಇಳಿದಂತೆ ಕಾಣುತ್ತಿತ್ತು. ಮೊಬೈಲ್ ಇಳಿಸಿ ಬರಿಗಣ್ಣಿನಿಂದ ನೋಡಿದರೆ ಏನೂ ಇಲ್ಲ. ಮತ್ತೆ ಎತ್ತಿದರೆ ಮತ್ತೆ ಅದೇ. ಒಂದು ದಿನ ಹತ್ತು ಸಲ ಹಾಗೆ ಮಾಡಿ, ಮಂದಿ ಬಿಸಿಲಿಗೆ ಬೈಯತೊಡಗಿದಾಗ ಕಣ್ಣು ಮುಚ್ಚಿ ಒತ್ತಿದಳು. ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಗಂಡನ ಮುಖ, ಮಕ್ಕಳ ಮುಖ ದಿಟ್ಟಿಸುತ್ತಿದ್ದಳು. "ನಗು ನೋಡೋಣ" ಎನ್ನುತ್ತಿದ್ದಳು. ಅವರು ನಕ್ಕರೆ ಎರಡೂ ಬದಿ ಒಂದೇ ಸಮ ಏಳುತ್ತವೆಯೇ ಎಂದು ನೋಡುತ್ತಿದ್ದಳು. ಗಂಡನಿಗೆ ಇದು ವಿಚಿತ್ರ ಅನಿಸಿತು, ಕೇಳಿದ. ತಲೆನೋವು ಎಂದಳು.

ಆಕೆ ಅಗಲ ಲೆನ್ಸ್ ಬಿಟ್ಟಳು. ಮುಳ್ಳು ಕಡಿಸಿ, ಹಳ್ಳದಾಚೆಯ ದಿನ್ನೆಗೆ ದಾರಿ ಮಾಡಿಸಿಕೊಂಡು, ಅಲ್ಲಿಂದ ಎರಡರ ಲೆನ್ಸಿನಲ್ಲಿ ತೆಗೆಯತೊಡಗಿದಳು. ಈಗ ಎಲ್ಲರ ಮುಖಗಳೂ ಇದ್ದಂತೆಯೇ ಬರುತ್ತಿದ್ದವು. ಅವಳಿಗೆ ಅದರಿಂದ ಸಮಾಧಾನವಾಗಲಿಲ್ಲ.

ಕಡೆಗೊಂದು ದಿನ ಧೂಳಪ್ಪ ಕುರಿ ತರುಬಿದ್ದ ಹೊಲಕ್ಕೆ ಹೋದಳು. ಕಟ್ಟು ಹಾಕಿಸಿದ ಮಾರ್ಚಿನ ಫೋಟೊ ಕೊಟ್ಟಳು. ಧೂಳಪ್ಪ ಧೋತರದ ಚುಂಗಿನಿಂದ ಗಾಜು ಒರೆಸಿ ನೋಡಿ, "ಇದು ಅಕೀನ" ಎಂದ. ಆಮೇಲೆ ಅವಳು ಎಲ್ಲವನ್ನೂ ಹೇಳಿದಳು, ನಡುವೆ ಎಲ್ಲೂ ನಿಲ್ಲಿಸದೆ. ಮೊಬೈಲ್ ತೆಗೆದು ಮಂಗಳವಾರದ್ದನ್ನೂ ತೋರಿಸಿದಳು.

ಧೂಳಪ್ಪ ಮೊಬೈಲ್ ಕೈಗೆ ತಗೊಂಡು ನೋಡಿದ.

"ಈ ಮಾರಿ ನಾ ದವಾಖಾನ್ಯಾಗ ಮೂರು ದಿನ ನೋಡೇನಿ" ಎಂದ. "ನೀವು ಎರಡಕ್ಕ ನೋಡಿದ್ರಿ."

"ಹೌದು ಕಾಕಾ."

"ನೋಡಿ ನಕ್ಕಿರೇನ?"

"ನಕ್ಕೀವಿ."

"ಅಕೀನೂ ನಕ್ಕಳ?"

ರೇಣುಕಾಗೆ ಸುಳ್ಳು ಹೇಳಬೇಕೆನಿಸಿತು. ಆಗಲಿಲ್ಲ. "ನಗಾಕ ನೋಡಿದಳು, ಕಾಕಾ. ಆಗಲಿಲ್ಲ."

ಧೂಳಪ್ಪ ಮೊಬೈಲ್ ತಿರುಗಿ ಅವಳ ಕೈಗೆ ಕೊಟ್ಟ. ಬೈಯಲಿಲ್ಲ. ಹೋಗಲಿ ಬಿಡು ಎಂದೂ ಅನ್ನಲಿಲ್ಲ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಎರಡು ಹೆಜ್ಜೆ ಹೋಗಿ ನಿಂತ.

"ಅದನ್ನ ಅಳಸಬ್ಯಾಡ" ಎಂದ. "ತೋರಸಂತ ನಾ ಇನ್ನೊಮ್ಮಿ ಕೇಳಂಗಿಲ್ಲ. ಆದ್ರ ಅಳಸಬ್ಯಾಡ."

ಇದು ನಡೆದು ವರ್ಷದ ಮೇಲಾಯಿತು. ಧೂಳಪ್ಪ ಈ ವಿಷಯ ಯಾರ ಮುಂದೆಯೂ ಎತ್ತಿಲ್ಲ. ಎದುರಾದರೆ "ಆರಾಮ ಏನವ್ವಾ" ಎನ್ನುತ್ತಾನೆ, ಅಷ್ಟೇ. ಫೋಟೊ ಅವಳ ಮೊಬೈಲಿನಲ್ಲಿ ಇದೆ. ಈ ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮೊಬೈಲ್ ತಾನಾಗಿಯೇ ಟಿಂಗೆಂದಿತು. ಹೋದ ವರ್ಷ ಇದೇ ದಿನದ ನೆನಪುಗಳು ಎಂದು ಪರದೆಯ ಮೇಲೆ ಹೂವು, ನಕ್ಷತ್ರ ಮೂಡಿದವು. ಲಗ್ನದ ಮನೆಯಲ್ಲಿ ನುಡಿಸುವಂಥ ಸಂಗೀತ ಸುರುವಾಯಿತು. ಬದು ಬಂತು, ಸಾಲು ಬಂತು. ಚಿತ್ರ ಮೆಲ್ಲಗೆ ಎಡಕ್ಕೆ ಸರಿಯುತ್ತ, ದೊಡ್ಡದಾಗುತ್ತ ತುದಿಯ ಕಡೆ ಹೋಯಿತು. ರೇಣುಕಾ ಮೊಬೈಲನ್ನು ಮಣ್ಣಿನಲ್ಲಿ ಬೋರಲು ಹಾಕಿ ಸಂಗೀತ ಮುಗಿಯುವವರೆಗೆ ಅದರ ಮೇಲೆ ಕೈಯಿಟ್ಟುಕೊಂಡು ಕೂತಳು.

ಈಗ ಅವಳು ಪ್ರತಿ ಫೋಟೊಕ್ಕೂ ಮೊದಲು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಬ್ಬೊಬ್ಬರ ಮುಖ ನೋಡಿ ಹೆಸರು ಹೇಳಿಸುತ್ತಾಳೆ. ಆಮೇಲೆ ಹಳ್ಳ ದಾಟುತ್ತಾಳೆ. ಅದಕ್ಕೆ ಕಾಲು ತಾಸು ಹೋಗುತ್ತದೆ, ಮಂದಿ ಗೊಣಗುತ್ತಾರೆ. ಬಾಯಿ ಗದ್ದಕ್ಕಿಳಿದಿದೆ ಎಂದು ಅಂದು ಆಡಿದ ತಮಾಷೆ ನಿಜವೇ ಆಗಿತ್ತೆಂದು ಚಂದವ್ವನಿಗೆ ಅವಳು ಹೇಳಿಲ್ಲ. ಹೇಳಬಾರದೆಂದು ನಿರ್ಧರಿಸಿದ್ದಾಳೆ.

ಮೊನ್ನೆ ಚಂದವ್ವನೇ ಕೇಳಿದಳು: "ನಮ್ಮ ಮಾರ್ಯಾಗ ದಿನಾ ಏನ ಹುಡುಕತೀ ರೇಣುಕಾ?"

"ಬಿಸಲ ಎಲ್ಲಿ ಬಿದ್ದೈತಿ ನೋಡಾಕತ್ತೇನಿ" ಎಂದಳು ರೇಣುಕಾ. "ನಿನ್ನ ಹೆಸರ ಹೇಳು."

"ನನ್ನ ಹೆಸರ ನಿನಗ ಗೊತ್ತಿಲ್ಲೇನ?"

"ಗೊತ್ತೈತಿ. ನೀನ ಹೇಳು."

ಚಂದವ್ವ ನಗುತ್ತ ಹೇಳಿದಳು. ರೇಣುಕಾ ಅವಳ ತುಟಿಗಳ ಎರಡೂ ಅಂಚನ್ನು ನೋಡಿ, ಮುಂದಿನವರ ಹತ್ತಿರ ಸರಿದಳು.