ನಾಲ್ಕು ದಿನದ ಲೆಕ್ಕ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಲೆಕ್ಕದಕ್ಕ ಎನ್ನುತ್ತಿದ್ದರು. ದುಡ್ಡಿನ ಲೆಕ್ಕವಲ್ಲ ಸ್ವಾಮಿ, ದೋಣಿಯ ಮೈಯ ಲೆಕ್ಕ. ಅಲೆ ಬಡಿದರೆ ದೋಣಿ ಎಲ್ಲಿ ಬಾಗೀತು, ಎಲ್ಲಿ ಬಿರಿದೀತು ಎಂದು ಅದನ್ನು ಕಟ್ಟುವ ಮೊದಲೇ ಕಂಪ್ಯೂಟರಿನಲ್ಲಿ ನೋಡಿ ಹೇಳುವುದು ಅವಳ ಕೆಲಸ. ಬೇರೆಯವರು ದೋಣಿಯನ್ನು ಚಪ್ಪಟೆ ಚೂರುಗಳಿಂದ ಜೋಡಿಸಿದರೆ, ಇವಳು ಸ್ಪ್ಲೈನ್ ಎಂಬ ನುಣುಪಾದ ಬಾಗುಗೆರೆಗಳಿಂದಲೇ ಹೆಣೆಯುತ್ತಿದ್ದಳು. ಉತ್ತರವೇನೋ ಚಿನ್ನದಂಥದ್ದು. ಬರಲು ಮಾತ್ರ ನಾಲ್ಕು ದಿನ.

ಆ ನಾಲ್ಕು ದಿನ ಯಂತ್ರದ ಕೋಣೆಗೆ ಬೀಗ, ಲೆಕ್ಕದಕ್ಕನಿಗೆ ಬಿಡುವು. ಅವಳ ಗಂಡ ಬಂದರಿನ ಊರಿನಲ್ಲಿ ದೋಣಿ ಕಟ್ಟುವ ಬಡಗಿ. ರೈಲಿನಲ್ಲಿ ಹನ್ನೊಂದು ಗಂಟೆಯ ದಾರಿ. ಮದುವೆಯಾಗಿ ಒಂಬತ್ತು ವರ್ಷ, ಇಬ್ಬರೂ ಕೂಡಿ ಬಾಳಿದ್ದೆಲ್ಲ ಈ ಲೆಕ್ಕ ಓಡುವ ದಿನಗಳಲ್ಲೇ. ಉಳಿದವರು ಯಂತ್ರದ ನಿಧಾನಕ್ಕೆ ಹಿಡಿಶಾಪ ಹಾಕುವಾಗ ಇವಳು ಮನಸ್ಸಿನಲ್ಲೇ ಅದಕ್ಕೆ ಕೈಮುಗಿಯುತ್ತಿದ್ದಳು.

ಹಾಗೆ ಹೋದ ಒಂದು ಸಲ ಗಂಡ ದೋಣಿ ಕಟ್ಟುವ ಕೊಟ್ಟಿಗೆಯಲ್ಲಿ ಸುಮ್ಮನೆ ಕೂರಲಾರದೆ ಅರ್ಧ ಕಟ್ಟಿದ ದೋಣಿಯ ಅಳತೆಗೆ ನಿಂತಳು. ಒಂದೊಂದು ಗುರುತಿಗೂ ಉದ್ದ ಅಳೆದು, ಅಡ್ಡ ಅಳೆದು, ಆಳ ಅಳೆದು ಬಂದಳು. ಗಂಡ ನಕ್ಕ.

"ಏನೇ ಇದು, ಒಂದೊಂದು ಗುರುತಿಗೂ ಮೂರು ಮೂರು ಸಲ ಓಡಾಡ್ತೀಯಾ? ಮೊದ್ಲು ಉದ್ದದ್ದೆಲ್ಲ ಮುಗ್ಸಿ ಬರ್ದಿಟ್ಕೋ. ಅದನ್ನೇ ಹಿಡ್ಕೊಂಡು ಅಡ್ಡ ಹೋಗು. ಆಮೇಲೆ ಆಳ. ಒಂದ್ಸಲ ಅಳೆದಿದ್ದನ್ನ ಮತ್ತೆ ಯಾಕೆ ಅಳೀಬೇಕು?"

ವಾಪಸು ಬರುವ ರೈಲಿನಲ್ಲಿ ಲೆಕ್ಕದಕ್ಕನಿಗೆ ಥಟ್ಟನೆ ಹೊಳೆಯಿತು. ತನ್ನ ಯಂತ್ರವೂ ಮಾಡುತ್ತಿದ್ದದ್ದು ಅದೇ ದಡ್ಡತನ! ದೋಣಿಯ ಒಂದೊಂದು ಬಿಂದುವಿನಲ್ಲೂ ಅಕ್ಕಪಕ್ಕದ ಅರವತ್ತನಾಲ್ಕು ಬಾಗುಗಳನ್ನು ಮೂರು ದಿಕ್ಕಿನಲ್ಲೂ ಮೊದಲಿನಿಂದ ಗುಣಿಸುತ್ತಿತ್ತು. ಒಂದು ದಿಕ್ಕು ಮುಗಿಸಿ, ಬಂದದ್ದನ್ನು ಎತ್ತಿಟ್ಟು, ಅದರ ಮೇಲೆ ಮುಂದಿನ ದಿಕ್ಕು ಹಿಡಿದರೆ? ಟಿಕೆಟ್ಟಿನ ಹಿಂದೆಯೇ ಗೀಚಿ ನೋಡಿದಳು. ನಾಲ್ಕು ದಿನದ ಕೆಲಸ ಐದು ಗಂಟೆಗೆ ಇಳಿಯಿತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತಲ್ಲ!

ಕಚೇರಿಯಲ್ಲಿ ಹೇಳಿದರೆ ಗಂಡನ ಜೊತೆಗಿನ ಆ ನಾಲ್ಕು ದಿನ ಹೋಯಿತು. ಎರಡು ದೋಣಿಗಳ ಲೆಕ್ಕ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಎರಡು ಸಲವೂ ಬಂದರಿಗೆ ಹೋದಳು, ಎರಡು ಸಲವೂ ತಿಂದದ್ದು ಮೈಗೆ ಹತ್ತಲಿಲ್ಲ. ಕೊನೆಗೆ ಗಂಡನ ಮುಂದೆ ಎಲ್ಲ ಒದರಿದಳು. ಅವನು ಉಳಿಯ ಬಾಯಿಯನ್ನು ಬಟ್ಟೆಯಲ್ಲಿ ಒರೆಸುತ್ತ ಕೇಳಿದ.

"ಬೇಗ ಉತ್ತರ ಬಂದ್ರೆ ಇನ್ನೂ ನಾಲ್ಕಾರು ಥರ ಮಾಡಿ ನೋಡ್ಬಹುದು ಅಲ್ವಾ? ಗಟ್ಟಿ ದೋಣಿ ಸಿಗುತ್ತೆ."

"ಹೂಂ."

"ಹಲಗೆ ಬಿರುಕು ಬಿಟ್ಟಿದೆ ಅಂತ ಗೊತ್ತಿದ್ದೂ ಮೊಳೆ ಹೊಡೆದ್ರೆ ನಂಗೆ ಅನ್ನ ಸೇರಲ್ಲ. ನಿಂಗೆ ಸೇರುತ್ತಾ?"

ಸೇರುತ್ತಿರಲಿಲ್ಲ. ಮರಳಿದವಳೇ ಹೇಳಿಬಿಟ್ಟಳು. ಕಚೇರಿಯ ಮುಖ್ಯಸ್ಥರು, ಎಲ್ಲದಕ್ಕೂ ಅವಸರ ಮಾಡಿ ತುರ್ತು ಸಾಹೇಬರು ಎಂದು ಹೆಸರಾದವರು, ಕುರ್ಚಿಯಿಂದ ಎದ್ದೇ ಬಿಟ್ಟರು.

"ಐದೇ ಗಂಟೆನಾ? ಭೇಷ್ ಕಣಮ್ಮಾ! ನಾಳೆಯಿಂದ ದಿನಕ್ಕೆರಡು!"

ಬೇಗ ಮುಗಿಸಿದವರಿಗೆ ಸಿಗುವ ಬಹುಮಾನ ಇನ್ನಷ್ಟು ಕೆಲಸ. ಲೋಕದಲ್ಲಿ ಇದು ಎಲ್ಲಿ ತಪ್ಪಿದೆ? ಲೆಕ್ಕದಕ್ಕ ಗಂಟಲು ಸರಿಮಾಡಿಕೊಂಡಳು.

"ಸಾರ್, ಒಂದೇ ಒಂದ್ಸಲ ಹಳೇ ದಾರೀಲೂ ಓಡಿಸಿ ಎರಡನ್ನೂ ತಾಳೆ ನೋಡ್ಬೇಕು. ಇಲ್ದಿದ್ರೆ ನಂಬೋದು ಹೇಗೆ?"

ಇದು ನೆಪವೂ ಹೌದು, ನಿಜವೂ ಹೌದು. ಸಾಹೇಬರು ಗೊಣಗಿ ಒಪ್ಪಿದರು. ಹೊಸ ದಾರಿಯ ಉತ್ತರ ಸಂಜೆಯೊಳಗೆ ಬಂತು. ಹಳೆಯದನ್ನು ಓಡಲು ಬಿಟ್ಟು ಅವಳು ರೈಲು ಹತ್ತಿದಳು.

ಆ ನಾಲ್ಕು ದಿನ ಗಂಡ ಕೊಟ್ಟಿಗೆಯ ಬಾಗಿಲು ತೆಗೆಯಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯಲು ಕೂತರೆ ಮಧ್ಯಾಹ್ನವಾಗುತ್ತಿತ್ತು. ಮಾತು ಮುಗಿದರೂ ಇಬ್ಬರೂ ಏಳುತ್ತಿರಲಿಲ್ಲ. ಕೊನೆಯ ದಿನ ಅವಳ ಚೀಲದ ಜಿಪ್ ಎಳೆಯುತ್ತ ಅವನು ಕೇಳಿದ.

"ತಾಳೆ ಆಗ್ದಿದ್ರೆ?"

"ತಪ್ಪೆಲ್ಲಿ ಅಂತ ಹುಡುಕಿ, ಮತ್ತೆ ಹಳೇ ದಾರೀಲಿ ಓಡಿಸ್ಬೇಕು. ಮತ್ತೆ ನಾಲ್ಕು ದಿನ."

"ಹಾಗಾದ್ರೆ ಆಗ್ದೇ ಇರ್ಲಿ ಬಿಡು," ಎಂದು ನಗಲು ಹೋದ, ಆಗಲಿಲ್ಲ.

ದಾರಿಯುದ್ದಕ್ಕೂ ಅವಳು ತನ್ನ ಲೆಕ್ಕ ತಪ್ಪಾಗಿರಲಪ್ಪಾ ಎಂದು ಬೇಡಿಕೊಂಡಳು. ಹುಟ್ಟಿದಾರಭ್ಯ ಬೇಡದ ವರ ಅದು. ಕಚೇರಿಯಲ್ಲಿ ಎರಡೂ ಉತ್ತರಗಳನ್ನು ಪಕ್ಕಪಕ್ಕ ತೆರೆದು ಬೆರಳಿಟ್ಟು ಓದಿದಳು. ಮೂರನೆಯ ಅಂಕಿ ಸರಿ. ಏಳನೆಯದು ಸರಿ. ಹತ್ತನೆಯದೂ ಸರಿ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು. ಆಮೇಲೆ ಮೆಟ್ಟಿಲ ಮೂಲೆಗೆ ಹೋಗಿ ಗಂಡನಿಗೆ ಫೋನು ಹಚ್ಚಿದಳು.

"ತಾಳೆ ಆಯ್ತು ರೀ."

ಆ ಕಡೆ ಕೊಟ್ಟಿಗೆಯಲ್ಲಿ ಸುತ್ತಿಗೆಯ ಸದ್ದು ನಿಂತಿತು.

"ಆಗ್ದೇ ಇರುತ್ತಾ," ಎಂದ ಅವನು. "ಮಾಡಿದ್ದು ನೀನಲ್ವಾ."