ಹನ್ನೆರಡು ಮೊಣಕಾಲು ದಿಂಬುಗಳು

ಇಂಗ್ಲಿಷರು ಮೊಣಕಾಲಿಗೂ ದಿಂಬು ಮಾಡಿಟ್ಟುಕೊಂಡಿರುವ ಜನ ಎಂಬುದು ನನಗೆ ಗೊತ್ತಾದದ್ದು ಲಂಡನ್ನಿಗೆ ಬಂದು ಎರಡು ವರ್ಷವಾದ ಮೇಲೆ. ತಲೆಗೆ ದಿಂಬು ಸಹಜ. ಬೆನ್ನಿಗೆ ಲೋಡು ಸಾಹುಕಾರರಿಗೆ ಶೋಭಿಸುತ್ತದೆ. ಆದರೆ ವಾರಕ್ಕೊಮ್ಮೆ ಐದಾರು ನಿಮಿಷ ನೆಲಕ್ಕೆ ಊರುವ ಮೊಣಕಾಲಿಗಾಗಿ ತಿಂಗಳುಗಟ್ಟಲೆ ಕೂತು, ಬಣ್ಣಬಣ್ಣದ ಉಣ್ಣೆಯ ದಾರದಲ್ಲಿ ಚಿತ್ರ ತೆಗೆದು ದಿಂಬು ಹೊಲಿಯುವುದೆಂದರೆ! ಮಠದ ಕಲ್ಲುನೆಲದ ಮೇಲೆ ಗಂಟೆಗಟ್ಟಲೆ ಕಾಲು ಮಡಿಚಿ ಪ್ರವಚನ ಕೇಳಿ, ಏಳುವಾಗ ‘ಶಿವನೇ’ ಎಂಬ ಒಂದೇ ಉದ್ಗಾರದಲ್ಲಿ ನೋವಿನ ಲೆಕ್ಕ ಚುಕ್ತಾ ಮಾಡುವ ಜನರ ನಡುವೆ ಬೆಳೆದ ನನಗೆ ಇದು ವಿಲಾಸದ ಪರಮಾವಧಿ ಎನಿಸಿತ್ತು. ಈಗ ನನ್ನ ಮೊಣಕಾಲುಗಳೇ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುವ ಹಂತಕ್ಕೆ ಬಂದಿರುವುದರಿಂದ ಆ ಟೀಕೆಯನ್ನು ಸವಿನಯವಾಗಿ ಹಿಂದಕ್ಕೆ ಪಡೆದಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನ ಪಶ್ಚಿಮದ ಅಂಚಿನ ಹೇಸ್‌ನಲ್ಲಿ, ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲೊಂದನ್ನು ನಾವು ಬಾಡಿಗೆಗೆ ಹಿಡಿದಿದ್ದೆವು. ನಮ್ಮ ಮನೆಯವರು ಫೆಲ್ಥಮ್ಮಿನ ಒಂದು ಗೋದಾಮಿನಲ್ಲಿ, ವಿಮಾನಕ್ಕೆ ಹೋಗುವ ಸರಕಿನ ಉಸ್ತುವಾರಿಯಲ್ಲಿದ್ದರು. ಅವರು ಕೆಲಸಕ್ಕೆ, ಮಗಳು ಸ್ಕೂಲಿಗೆ ಹೊರಟರೆಂದರೆ ನಾನು, ನನ್ನ ಸ್ವೆಟರು ಮತ್ತು ನೀರವ ಮೌನ, ಇಷ್ಟೇ. ಒಂದು ದಿನ ಲೈಬ್ರರಿಯ ಹಲಗೆಯ ಮೇಲೆ ಚೀಟಿಯೊಂದು ಕಂಡಿತು: ಚರ್ಚಿನ ಹಾಲ್‌ನಲ್ಲಿ ಗುರುವಾರ ಮಧ್ಯಾಹ್ನ ಕಸೂತಿ ಕೆಲಸಕ್ಕೆ ಕೈಗಳು ಬೇಕಾಗಿವೆ, ಯಾವ ಧರ್ಮದವರಾದರೂ ಸರಿ, ಚಹಾ ಉಂಟು. ಧಾರವಾಡದಲ್ಲಿ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ತಲೆಗೆ ಮೊಟಕಿ ಮೊಟಕಿ ಕಲಿಸಿದ ಕಸೂತಿ ನನ್ನ ಕೈಯಲ್ಲಿ ಇನ್ನೂ ಬೆಚ್ಚಗಿತ್ತು.

“ಚರ್ಚಿಗೆ ಹೊಂಟೀಯೇನ? ನಾಳೆ ಹೆಸರೂ ಬದಲಾಗತೈತೇನ ಮತ್ತ?” ಎಂದು ಮನೆಯವರು ಚಹಾದ ಕಪ್ಪಿನ ಮೇಲಿಂದ ನಕ್ಕರು.

“ಹೆಸರು ಏನೂ ಬದಲಾಗೂದಿಲ್ರಿ. ಅಲ್ಲಿ ಹೀಟರ್ ಚಲೋ ಐತಂತ, ಅದಕ್ಕ ಹೊಂಟೀನಿ.”

“ಅಮ್ಮಾ, ಡೋಂಟ್ ಟಾಕ್ ಟೂ ಮಚ್,” ಎಂದಳು ಮಗಳು. ಒಂಬತ್ತು ವರ್ಷದ ಆ ದೂರದರ್ಶಿಯ ಮಾತನ್ನು ನಾನು ಕೇಳಬೇಕಿತ್ತು.

ಆ ಗುಂಪಿನ ಯಜಮಾನಿತಿ ಡೊರೊಥಿ. ಎಪ್ಪತ್ತರ ಆಸುಪಾಸು, ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಒಂಟಿ. ತಪ್ಪು ಹೊಲಿಗೆ ಕಂಡರೆ ಅವರು ಮಾತಾಡುವ ಮೊದಲೇ ಕತ್ತರಿ ಮಾತಾಡುತ್ತಿತ್ತು. ಅವರು ಬೈದದ್ದು ಇಂಗ್ಲಿಷಿನಲ್ಲೇ ಆದರೂ ನನ್ನ ಕಿವಿಯೊಳಗೆ ಇಳಿಯುವಷ್ಟರಲ್ಲಿ ಅದು ಕಾಕುವಿನ ಕನ್ನಡವಾಗಿ ಬಿಡುತ್ತಿತ್ತು; ಹೀಗಾಗಿ ಅವರ ಮಾತನ್ನು ಇಲ್ಲಿ ಧಾರವಾಡದ ಧಾಟಿಯಲ್ಲೇ ಬರೆಯುತ್ತೇನೆ, ಓದುಗರು ಕ್ಷಮಿಸಬೇಕು. ಚರ್ಚಿನೊಳಗೆ ಪ್ರಾರ್ಥನೆಗೆ ಮೊಣಕಾಲೂರುವ ಕಟಕಟೆಯ ಮುಂದೆ ಹನ್ನೆರಡು ದಿಂಬು ಬೇಕು, ಯೇಸುವಿನ ಹನ್ನೆರಡು ಶಿಷ್ಯರಿಗೆ ಒಂದೊಂದು, ಪ್ರತಿಯೊಂದರ ಮೇಲೂ ಆ ಶಿಷ್ಯನ ಗುರುತು: ಇದು ಅವರ ಸಂಕಲ್ಪ. ಆದರೆ ಡೊರೊಥಿಯವರ ಕಣ್ಣು ಹೋಗುತ್ತಿತ್ತು. “ನಡುವ ಮಂಜು, ಅಂಚು ಅಷ್ಟ ಕಾಣತೈತಿ. ಇನ್ನೊಂದು ಚಳಿಗಾಲ ಕಳದ್ರ ಸೂಜಿ ಅಂತೂ ಮುಗೀತು ಅಂದಾರ ಡಾಕ್ಟರ್,” ಎಂದು ಮೊದಲ ದಿನವೇ ಹವಾಮಾನ ಹೇಳಿದಷ್ಟು ನಿರಾಳವಾಗಿ ಹೇಳಿದ್ದರು. ಹನ್ನೆರಡನ್ನೂ ಕಣ್ಣಾರೆ ಕಂಡು ಮುಗಿಸುತ್ತಾರೋ ಇಲ್ಲವೋ ಎಂಬುದೇ ನಮ್ಮ ಗುರುವಾರಗಳ ಆತಂಕವಾಗಿತ್ತು.

ಈಗ ನನ್ನ ಪಾಂಡಿತ್ಯದ ಕಥೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಗುರುತುಗಳನ್ನು ಡೊರೊಥಿ ಹಂಚಿದಾಗ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಒಬ್ಬ ಶಿಷ್ಯನಿಗೆ ಗರಗಸ, ಒಬ್ಬನಿಗೆ ಚೂರಿ, ಒಬ್ಬನಿಗೆ ಕೊಡತಿ, ಒಬ್ಬನಿಗೆ ಈಟಿ, ಒಬ್ಬನಿಗೆ ಕತ್ತಿ, ಒಬ್ಬನಿಗೆ ಕತ್ತರಿಯಾಕಾರದಲ್ಲಿ ಜೋಡಿಸಿದ ಎರಡು ತೊಲೆ. ನಮ್ಮೂರ ಮಠದ ಗೋಡೆಯ ಮೇಲೆ ಶರಣರ ಚಿತ್ರಗಳನ್ನು ನೋಡುತ್ತ ಬೆಳೆದವಳು ನಾನು: ದೋಣಿ ನಡೆಸುವವರ ಕೈಯಲ್ಲಿ ಹುಟ್ಟು, ಬುಟ್ಟಿ ಹೆಣೆಯುವವರ ಕೈಯಲ್ಲಿ ಬಿದಿರಿನ ಸೀಳು, ಬಟ್ಟೆ ಮಡಿ ಮಾಡುವವರ ಹೆಗಲ ಮೇಲೆ ಗಂಟು. ಕೈಯಲ್ಲಿ ಹಿಡಿದದ್ದು ಕಾಯಕ, ಕಾಯಕದಿಂದಲೇ ಗುರುತು. ಇಲ್ಲಿಯೂ ಅದೇ ಅಲ್ಲವೇ! ನಾನು ಚಹಾ ಕೆಳಗಿಟ್ಟು, ನೆರೆದ ಆರು ಜನ ಇಂಗ್ಲಿಷ್ ಹೆಂಗಸರಿಗೆ ಅವರದೇ ಸಂತರ ವಿಷಯವನ್ನು ವಿಶದಪಡಿಸಿದೆ. ಗರಗಸದವನು ಬಡಗಿ, ಕೊಡತಿಯವನು ಮಡಿವಾಳ, ಕತ್ತಿಯವನು ಸಿಪಾಯಿ, ಚೂರಿಯವನು ಚಮ್ಮಾರ, ತೊಲೆಯವನು ಬಹುಶಃ ಮಂಚ ಕಟ್ಟುವವನು. ‘ಹೌ ಇಂಟರೆಸ್ಟಿಂಗ್’ ಎಂದರು ಎಲ್ಲರೂ. ಆ ಮಾತನ್ನು ಇಂಗ್ಲಿಷರು ಯಾವಾಗ ಬಳಸುತ್ತಾರೆಂಬುದು ಆಗಿನ್ನೂ ತಿಳಿಯದ ನಾನು ಉಬ್ಬಿಹೋದೆ.

ಉಬ್ಬಿದವಳು ಸುಮ್ಮನಿದ್ದೆನೇ? ನನ್ನ ಪಾಲಿಗೆ ಬಂದದ್ದು ಚೂರಿ, ಬಾರ್ತೊಲೊಮಾಯನದು. ಮನೆಗೆ ಒಯ್ದು, ಬರೀ ಚೂರಿ ಬೋಳಾಗಿ ಕಾಣುತ್ತದೆಂದು, ಅದರ ಮಗ್ಗುಲಿಗೆ ನನ್ನ ಸ್ವಂತ ಕಲ್ಪನೆಯಿಂದ ಒಂದು ಜೊತೆ ಚಪ್ಪಲಿ ಹಾಕಿದೆ. ಮುದ್ದಾದ, ಉಂಗುಟವಿರುವ, ಅಪ್ಪಟ ನಮ್ಮ ಕಡೆಯ ಚಪ್ಪಲಿ. ಮೂರು ವಾರದ ಮೇಲೆ ಅದನ್ನು ಡೊರೊಥಿಯವರ ಮುಂದೆ ಹರಡಿದಾಗ ಅವರು ಕಣ್ಣಿನಂಚಿಗೆ ಸಿಗುವಂತೆ ಕತ್ತು ಓರೆ ಮಾಡಿ ಬಹಳ ಹೊತ್ತು ನೋಡಿದರು.

“ಇದೇನವಾ ಇದು?”

“ಚಪ್ಪಲಿರೀ. ಚಮ್ಮಾರ ಅಲ್ಲೇನ್ರಿ ಇವಾ?”

“ಅವಾ ಚಮ್ಮಾರ ಅಲ್ಲ ತಂಗಿ. ಆ ಚೂರಿಲೇ ಅವನ ಮೈಚರ್ಮ ಸುಲದ್ರು. ಜೀವ ಇದ್ದಾಗನ.”

ಸೂಜಿಗಳೆಲ್ಲ ನಿಂತವು. ನನ್ನ ಕೈಗೆ ಆ ದಿಂಬು ಬಿಸಿ ತಾಗಿದಂತಾಗಿ ಮೇಜಿನ ಮೇಲೆ ಬಿಟ್ಟೆ. ಡೊರೊಥಿ ಒಂದೊಂದಾಗಿ ಬೆರಳಿಟ್ಟು ಹೇಳುತ್ತ ಹೋದರು. ಗರಗಸ ಸಿಮೋನನದು, ಅದರಿಂದ ಅವನನ್ನು ಕೊಯ್ದರು. ಬಟ್ಟೆ ಬಡಿಯುವ ಕೊಡತಿಯಿಂದ ಇನ್ನೊಬ್ಬನ ತಲೆ ಒಡೆದರು. ಈಟಿ ತೋಮನನ್ನು ತಿವಿದದ್ದು, ಅದೂ ನಿಮ್ಮ ದೇಶದಲ್ಲೇ ಎಂದರು, ನಾನೇ ಜವಾಬ್ದಾರಳೆಂಬಂತೆ. ಆ ಅಡ್ಡ ತೊಲೆಗಳು ಮಂಚದ್ದಲ್ಲ, ಅಂದ್ರೆಯನನ್ನು ಕಟ್ಟಿ ಸಾಯಲು ಬಿಟ್ಟ ಶಿಲುಬೆ. ಬೀಗದ ಕೈ ಹಿಡಿದ ಪೇತ್ರನೊಬ್ಬನೇ ಸುಖವಾಗಿದ್ದನೇನೋ ಎಂದುಕೊಂಡರೆ, ಗುರುವಿನಂತೆ ಸಾಯುವ ಯೋಗ್ಯತೆ ತನಗಿಲ್ಲವೆಂದು ತಾನೇ ಬೇಡಿಕೊಂಡು ತಲೆಕೆಳಗಾಗಿ ಶಿಲುಬೆಗೇರಿದವನಂತೆ ಅವನು.

ಅಂದು ಸಂಜೆ ಬದನೆಕಾಯಿ ಹೆಚ್ಚಲು ಚಾಕು ತೆಗೆದವಳು ಅದನ್ನೇ ನೋಡುತ್ತ ನಿಂತುಬಿಟ್ಟೆ. ನಾನು ಕಂಡ ದೇವರುಗಳ ಕೈಯಲ್ಲಿರುವುದು ಅವರು ಕೊಂದ ಆಯುಧ; ಶರಣರ ಕೈಯಲ್ಲಿರುವುದು ದುಡಿದ ಆಯುಧ; ತನ್ನನ್ನು ಕೊಂದ ಆಯುಧವನ್ನು ತಾನೇ ಹಿಡಿದು, ಅದೇ ತನ್ನ ವಿಳಾಸವೆಂಬಂತೆ ನಿಲ್ಲುವುದನ್ನು ನಾನು ಎಂದೂ ಕಂಡಿರಲಿಲ್ಲ. ಈ ಶಿಷ್ಯರೇನು ಹುಟ್ಟಾ ಧೀರರೇ? ಡೊರೊಥಿ ಹೇಳಿದ ಪ್ರಕಾರ, ಮೀನು ಹಿಡಿಯುವವರು, ಸುಂಕದ ಕಟ್ಟೆಯವರು; ಗುರುವನ್ನು ಹಿಡಿದೊಯ್ದಾಗ ದಿಕ್ಕಾಪಾಲಾಗಿ ಓಡಿದವರು, ‘ಅವನಾರೋ ನಾನರಿಯೆ’ ಎಂದು ಆಣೆ ಮಾಡಿದವರು. ಅಷ್ಟು ಹೆದರಿದ್ದ ಅದೇ ಜನ, ಕೆಲವೇ ವರ್ಷಗಳಲ್ಲಿ ಊರೂರು ತಿರುಗಿ, ‘ಹೌದು, ನಾನು ಅವನವನೇ’ ಎಂದು ಗರಗಸದ ಮುಂದೆ ನಿಂತರಲ್ಲ, ಆ ನಡುವೆ ಅವರೊಳಗೆ ಏನು ನಡೆದಿರಬಹುದು! ನಾನೋ, ಹೇಸ್ ಸ್ಟೇಷನ್ನಿನಲ್ಲಿ ಪಡ್ಡೆಗಳು ನನ್ನ ಕುಂಕುಮ ನೋಡಿ ಏನೋ ಕೂಗಿದರೆಂದು ವಾರವಿಡೀ ಬೋಳು ಹಣೆಯಲ್ಲಿ ಓಡಾಡಿದ ವೀರನಾರಿ. ಬದನೆಕಾಯಿಯನ್ನು ಇಡಿಯಾಗಿ ಹಾಗೇ ಸುಟ್ಟು ಬಜ್ಜಿ ಮಾಡಿದೆ.

ಮುಂದಿನ ಗುರುವಾರ ಚಪ್ಪಲಿ ಬಿಚ್ಚಿ ತೆಗೆಯುತ್ತೇನೆಂದು ಕತ್ತರಿ ಹಿಡಿದು ಕೂತೆ. ತಪ್ಪು ಕಂಡರೆ ಸಹಿಸದ ಡೊರೊಥಿ ನನ್ನ ಕೈ ಹಿಡಿದುಬಿಟ್ಟರು. “ಇರಲಿ ಬಿಡವಾ. ಚರ್ಮ ಸುಲಿಸಿಕೊಂಡಾವಗ ಒಂದ್ ಜೋಡ ಚಪ್ಪಲಿಯಾರ ಇರಲಿ.”

ಮರುವರ್ಷದ ಶರತ್ಕಾಲದ ಹೊತ್ತಿಗೆ ಹನ್ನೊಂದು ದಿಂಬು ಮುಗಿದವು. ಹನ್ನೆರಡನೆಯದು, ಯೋಹಾನನದು, ಡೊರೊಥಿ ತಾವೇ ಮಾಡುತ್ತೇನೆಂದು ಇಟ್ಟುಕೊಂಡದ್ದು. ಒಂದು ಬಟ್ಟಲು, ಅದರಿಂದ ಹೆಡೆಯೆತ್ತಿದ ಹಾವು. ಆದರೆ ಅದು ಡ್ರಾಯರಿನಿಂದ ಹೊರಗೇ ಬರಲಿಲ್ಲ. ಇತ್ತ ಅವರು ಚಹಾವನ್ನು ಕಪ್ಪಿನ ಹೊರಗೆ ಸುರಿಯುವಷ್ಟು ಕಣ್ಣು ಮಂಜಾಗಿತ್ತು. ಉಳಿದವರು ಕೇಳಿದರೆ ‘ನೋಡೂಣ’ ಎನ್ನುತ್ತಿದ್ದರು. ನನಗೆ ಮಾತ್ರ ಬಾಯಿ ಸುಮ್ಮನಿರಬೇಕಲ್ಲ! ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ, ಕಪ್ಪು ತೊಳೆಯುತ್ತ ನೇರವಾಗಿಯೇ ಕೇಳಿದೆ: ಕಣ್ಣು ಪೂರಾ ಹೋಗುವತನಕ ಕಾಯುತ್ತೀರೇನು, ಈ ಯೋಹಾನನನ್ನು ಯಾವುದರಿಂದ ಕೊಂದರು, ವಿಷದಿಂದಲೇ?

“ಕೊಲ್ಲಲಿಲ್ಲ,” ಎಂದರು ಡೊರೊಥಿ. “ವಿಷ ಕೊಟ್ರಂತ, ಏನೂ ಆಗಲಿಲ್ಲ. ಕುದಿಯೂ ಎಣ್ಯಾಗ ಹಾಕಿದ್ರಂತ, ಎದ್ದು ಬಂದಾ. ಹನ್ನೊಂದು ಮಂದಿ ಹೋದ್ರು, ಅವಾ ಒಬ್ಬಾವ ಮುದುಕನಾಗಿ ಹಾಸಗಿ ಮ್ಯಾಲೆ ಸತ್ತಾ. ನನಗ ಅವನ ಕಂಡ್ರ ಆಗೂದಿಲ್ಲ.”

ಸಂತನ ಮೇಲೆ ಇಷ್ಟು ಸಿಟ್ಟೇ ಎಂದು ನಾನು ಬೆರಗಾಗಿ ನಿಂತಿರುವಾಗ, ಅವರು ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡುತ್ತ ಉಳಿದದ್ದನ್ನು ಹೇಳಿದರು. ಯುದ್ಧದ ಕಾಲ. ಅವರಿಗೆ ಹನ್ನೆರಡು ವರ್ಷ, ತಂದೆ ಆಗಲೇ ಇರಲಿಲ್ಲ. ಸೋಂಕು ಜ್ವರ ಬಂದು, ಮನೆಯ ಮಕ್ಕಳಿಗೆ ಹರಡಬಾರದೆಂದು ಅವರೊಬ್ಬರನ್ನೇ ದೂರದ ಆಸ್ಪತ್ರೆಗೆ ಸೇರಿಸಿದ್ದರು. ಆ ವಾರ ಅವರ ಬೀದಿಯ ಮೇಲೆ ಬಾಂಬು ಬಿತ್ತು. ತಾಯಿ, ಅಣ್ಣ, ತಂಗಿ, ಪುಟ್ಟ ತಮ್ಮ, ಒಬ್ಬರೂ ಉಳಿಯಲಿಲ್ಲ. ಜ್ವರ ಬಿಟ್ಟು ಹೊರಬಂದವರಿಗೆ ಹೋಗಲು ಮನೆಯೇ ಇರಲಿಲ್ಲ. “ಮಂದಿ ಎಲ್ಲಾ ನಿನ್ನ ದೈವ ದೊಡ್ಡದು ಅಂದ್ರು. ದೈವ ಅಂತ ದೈವ!” ಎಂದರು, ಎಪ್ಪತ್ತರ ಹತ್ತಿರದ ಆ ಧ್ವನಿ ಆ ಕ್ಷಣ ಹನ್ನೆರಡು ವರ್ಷದ ಹುಡುಗಿಯದಾಗಿತ್ತು. ನನಗೆ ಅಳು ಬಂತು, ಅತ್ತೆ.

ಅಳುತ್ತಲೇ ನನ್ನ ಹರಕು ಇಂಗ್ಲಿಷಿನಲ್ಲಿ ಒಂದು ಮಾತು ಅಂದುಬಿಟ್ಟೆ, ಅದು ಎಲ್ಲಿಂದ ಬಂತೋ ಕಾಣೆ. “ಎಲ್ಲಾರೂ ಸತ್ತುಬಿಟ್ಟಿದ್ರ ಗರಗಸ ಯಾರದು, ಚೂರಿ ಯಾರದು ಅಂತ ಹೇಳಾವ್ರ ಯಾರ್ರೀ? ನಾ ಅಂತೂ ಎಲ್ಲಾರಿಗೂ ಚಪ್ಪಲಿ ಹೊಲದ ಕೊಡತಿದ್ದೆ. ಹೇಳಾಕ ಒಬ್ರಾರ ಉಳೀಬೇಕಲ್ರೀ.”

ಡೊರೊಥಿ ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು. ಆಮೇಲೆ ನನ್ನತ್ತ ನೋಡದೆ, ಗೋಡೆಯತ್ತಲೂ ನೋಡದೆ, ಮೂರು ಹೆಸರು ಹೇಳಿದರು: ಆಲ್ಫ್, ಜೀನ್, ರಾನಿ. ಐವತ್ತು ವರ್ಷಕ್ಕೂ ಮೇಲಾಯಿತಂತೆ ಅವನ್ನು ಬಾಯಿಬಿಟ್ಟು ಹೇಳಿ. ಯಾರಿಗೆ ಹೇಳುವುದು? ಆ ಹೆಸರು ಕೇಳಿ ‘ಹೌದು, ಗೊತ್ತು’ ಎನ್ನುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಮರುವಾರ ಡ್ರಾಯರು ತೆರೆಯಿತು. “ಹಾವು ನಿಮ್ಮ ಕಡೀದು, ಅದನ್ನ ನೀನ ಹಾಕು,” ಎಂದು ಹೇಳಿ, ಬಟ್ಟಲನ್ನು ತಾವಿಟ್ಟುಕೊಂಡರು. ಸೂಜಿಗೆ ದಾರ ಪೋಣಿಸುವುದು ನನ್ನ ಕೆಲಸ. ಬಟ್ಟೆಯ ತೂತುಗಳನ್ನು ಬೆರಳಿನ ತುದಿಯಿಂದ ಎಣಿಸುತ್ತ ಹೊಲಿಗೆ ಹಾಕುವುದು ಅವರ ಕೆಲಸ. ಹೊಲಿಯುತ್ತ ಹೊಲಿಯುತ್ತ ಹೇಳುತ್ತಿದ್ದರು. ಆಲ್ಫ್ ಹದಿನಾಲ್ಕಕ್ಕೇ ಬೇಕರಿಯಲ್ಲಿ ಕೆಲಸಕ್ಕೆ ನಿಂತಿದ್ದ, ಕೂದಲಲ್ಲಿ ಹಿಟ್ಟು ಹಾಗೇ ಇರುತ್ತಿತ್ತು. ಜೀನಳಿಗೆ ಜಡೆಯ ತುದಿ ಚೀಪುವ ಚಟ. ರಾನಿಗೆ ‘ಡೊರೊಥಿ’ ಎನ್ನಲು ಬರುತ್ತಿರಲಿಲ್ಲ, ‘ಡಾಡ’ ಎನ್ನುತ್ತಿದ್ದ. ಯೋಹಾನನ ಬಗ್ಗೆಯೂ ಹೇಳಿದರು: ಕೊನೆಗಾಲದಲ್ಲಿ ಅವನನ್ನು ಹೊತ್ತುಕೊಂಡೇ ಸಭೆಗೆ ತರಬೇಕಿತ್ತಂತೆ; ಒಬ್ಬರನ್ನೊಬ್ಬರು ಪ್ರೀತಿಸಿ ಎಂಬುದೊಂದನ್ನೇ ಹೇಳಿ ಹೇಳಿ ಕೇಳುವವರಿಗೆ ಬೇಸರ ತರಿಸುತ್ತಿದ್ದನಂತೆ. ಹನ್ನೊಂದು ಸಾವಿನ ಸುದ್ದಿಯನ್ನು ಒಂದೊಂದಾಗಿ ಕೇಳಿಸಿಕೊಂಡು, ಆಮೇಲೂ ಬಾಯಲ್ಲಿ ಅದೇ ಮಾತು ಉಳಿದಿತ್ತೆಂದರೆ! ಚೂರಿ ಗರಗಸಗಳ ಮುಂದೆ ಬಾಗಿದ ನನ್ನ ತಲೆ ಈ ಮುದುಕನ ಮುಂದೆ ಇನ್ನೂ ಕೆಳಗಿಳಿಯಿತು.

ದಿಂಬು ಮುಗಿಯುವುದಕ್ಕೂ ಅವರ ಕಣ್ಣು ಸೋಲುವುದಕ್ಕೂ ಕೆಲವೇ ವಾರಗಳ ಅಂತರ. ಬಣ್ಣ ಬೆರೆತುಹೋಗಿದ್ದರೂ ಹನ್ನೆರಡನ್ನೂ ಕಂಡರು, ಕಣ್ಣಂಚಿನಲ್ಲೇ ಆಗಲಿ ಕಂಡರು. ಈಸ್ಟರ್‌ಗೆ ಎರಡು ದಿನ ಮೊದಲು, ದಿಂಬುಗಳನ್ನು ಸಾಲಾಗಿ ಇಡಲು ನಾವಿಬ್ಬರೇ ಹೋದೆವು. ನಾನು ಮುಗಿದ ಕ್ರಮದಲ್ಲೇ ಜೋಡಿಸಿದೆ. ಯೋಹಾನನದು ಕೊನೆಗೆ, ಕಂಬದ ಮೂಲೆಗೆ ಬಂತು. ಡೊರೊಥಿ ನನ್ನ ತೋಳು ಹಿಡಿದು, ಕೋಲಿನ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ನಡೆದರು.

“ಯೋಹಾನನ್ನ ಎಲ್ಲಿಟ್ಟಿ?”

“ಕೊನೀಗ್ರಿ. ಕಂಬದ ಹತ್ರ.”

“ಅಲ್ಲಿ ಬ್ಯಾಡ. ಕತ್ತೀದು ಎಲ್ಲೈತಿ?”

“ಯಾಕೋಬಂದೇನ್ರಿ? ಮೂರನೇದು.”

“ಅದರ ಮಗ್ಗಲಕ್ಕ ಇಡು. ಯಾಕೋಬ ಅವನ ಸ್ವಂತ ಅಣ್ಣ. ಹನ್ನೆರಡು ಮಂದ್ಯಾಗ ಎಲ್ಲಾರಕಿಂತ ಮೊದಲ ಹೋದಾವ.”

ಒಂದೂವರೆ ವರ್ಷ ಅವರ ಗುರುತುಗಳ ಮೇಲೆ ಸೂಜಿಯಾಡಿಸಿದ ನನಗೆ, ಅವರಿಬ್ಬರು ಅಣ್ಣತಮ್ಮಂದಿರೆಂಬುದು ಗೊತ್ತಿರಲಿಲ್ಲ. ಎಂಟು ದಿಂಬುಗಳನ್ನು ಒಂದೊಂದಾಗಿ ಆಚೆ ಸರಿಸಿ, ಬಟ್ಟಲು ಮತ್ತು ಹಾವಿನ ಆ ದಿಂಬನ್ನು ಎದೆಗವಚಿ ತಂದು, ಕತ್ತಿಯ ಪಕ್ಕಕ್ಕೆ ಇಟ್ಟೆ. ಡೊರೊಥಿ ಕಟಕಟೆಯನ್ನು ಹಿಡಿದು ನಿಧಾನವಾಗಿ ಬಾಗಿ, ಎರಡರ ನಡುವಿನ ಜಾಗವನ್ನು ಅಂಗೈಯಿಂದ ತಡವಿದರು.

“ಇನ್ನೂ ಹತ್ರ ಸರಸು,” ಎಂದರು. “ಭಾಳ ವರ್ಷ ಒಬ್ಬಾವನ ಇದ್ದಾ.”